ಬಯಾನ ವಾಪಸ್ ಕೊಟ್ಟ ವಾದ್ಯದವರು

ಹತ್ತಿ ವ್ಯಾಪಾರದಲ್ಲಿ ಬಯಾನ ಅಂದರೆ ಮಾತು. ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ 30 ವರ್ಷ ದಲಾಲಿ ಅಂಗಡಿಯಲ್ಲಿ ಕೂತವನು ನಾನು. ಬಯಾನ ಕೊಟ್ಟವನು ಮಾಲು ಎತ್ತದಿದ್ದರೆ ಆ ದುಡ್ಡು ಹೋಯಿತೆಂದೇ ಲೆಕ್ಕ. ವಾಪಸ್ ಕೇಳುವ ಮುಖ ಯಾರಿಗೂ ಇರುವುದಿಲ್ಲ. ಅಂಥ ನಾನು 2020ರ ಏಪ್ರಿಲ್‌ನಲ್ಲಿ ಸನಾಯಿ ಊದುವ ಒಬ್ಬನಿಂದ 5 ಸಾವಿರ ರೂಪಾಯಿ ಬಯಾನ ವಾಪಸ್ ಕೇಳಿದೆ.

ವೈಶಾಖದಲ್ಲಿ ನಮ್ಮ ತಮ್ಮನ ಮಗಳ ಮದುವೆ ಇತ್ತು. ಮಾರ್ಚ್ 25, ಯುಗಾದಿಯ ದಿನವೇ ದೇಶಕ್ಕೆ ಬೀಗ ಬಿತ್ತು. ಏಪ್ರಿಲ್ ಮುಗಿಯುವಷ್ಟರಲ್ಲಿ ಆಂಧ್ರದಲ್ಲೆಲ್ಲ ಹೆಚ್ಚು ಕೊರೊನಾ ನಮ್ಮ ಕರ್ನೂಲು ಜಿಲ್ಲೆಯಲ್ಲೇ. ಮದುವೆ ಮುಂದಕ್ಕೆ ಹೋಯಿತು. ಛತ್ರದವರನ್ನು ಕೇಳಿದೆ, ಕೊಡಲಿಲ್ಲ. ಶಾಮಿಯಾನದವರು 'ಮುಂದಿನ ಮುಹೂರ್ತಕ್ಕೆ ಜಮಾ' ಅಂದರು. ಅಡಿಗೆಯವರು ಫೋನೇ ಎತ್ತಲಿಲ್ಲ. ವಾಪಸ್ ಕೊಟ್ಟವನು ಸನಾಯಿಯವನೊಬ್ಬನೇ. ಬಾಯಿಗೆ ಟವೆಲ್ ಕಟ್ಟಿಕೊಂಡು ಬಂದು, ಅಂಗಡಿಯ ಮೆಟ್ಟಿಲ ಕೆಳಗೇ ನಿಂತು, ಕರವಸ್ತ್ರದ ಗಂಟು ಬಿಚ್ಚಿ 3 ಸಾವಿರ ಇಟ್ಟ.

'ಉಳಿದ 2 ಸಾವಿರ ಪೀಪಿಗೆ, ಶ್ರುತಿ ಪೆಟ್ಟಿಗಿ ರಿಪೇರಿಗೆ ಹೋಗ್ಯಾವ್ರಿ ಸಾವ್ಕಾರ್ರೆ. ಶ್ರಾವಣದಾಗ ತೀರಿಸ್ತೀನಿ.'

ನಾನು ಎಣಿಸಿಕೊಂಡು ಗಲ್ಲಾಕ್ಕೆ ಹಾಕಿದೆ. ಇದನ್ನು ಬರೆಯುವಾಗಲೂ ಕೈ ಸ್ವಲ್ಪ ತಡೆಯುತ್ತದೆ. ಆದರೆ ವಾದ್ಯದವರ ಕಥೆ ಹೇಳಲು ಹೊರಟವನು ನನ್ನ ಲೆಕ್ಕವನ್ನು ಮುಚ್ಚಿಟ್ಟರೆ ಅದು ಕಳ್ಳ ತೂಕವಾಗುತ್ತದೆ.

ಶ್ರಾವಣ ಅಂದರೆ ಈ ಕಡೆ ವಾದ್ಯದವರಿಗೆ ಸುಗ್ಗಿ. ಬೇಸಿಗೆಯ ಮದುವೆ, ತೇರು ಕೈಬಿಟ್ಟರೂ ಉರುಕುಂದ ಈರಣ್ಣ ಕೈಬಿಡುವುದಿಲ್ಲ ಎಂಬ ನಂಬಿಕೆ. ತಿಂಗಳಿಡೀ ರಾಯಚೂರು, ಬಳ್ಳಾರಿ, ಗದ್ವಾಲ ಕಡೆಯಿಂದ ಜನ ಬರುತ್ತಾರೆ. ಹರಕೆ ತೀರಿಸುವವರ ಮುಂದೆ ಸನಾಯಿ, ಹಲಗಿ, ಡೊಳ್ಳು ಇದ್ದೇ ಇರಬೇಕು. 2020ರ ಶ್ರಾವಣದಲ್ಲಿ ಆ ಜನಸಂದಣಿ ಇರಲಿಲ್ಲ. ಮಂತ್ರಾಲಯದಲ್ಲಿ ರಾಯರ 349ನೇ ಆರಾಧನೆ ಭಕ್ತರಿಲ್ಲದೆ ನಡೆಯಿತು, ನಾವು ಮೊಬೈಲಿನಲ್ಲಿ ಕೈ ಮುಗಿದೆವು. ಅದೇ ಆಗಸ್ಟ್ ಕೊನೆಗೆ ಮೊಹರಂ. ನಮ್ಮ ಹಳ್ಳಿಗಳಲ್ಲಿ ಪೀರಲ ಹಬ್ಬ ಅಂದರೆ ಹಿಂದೂ ಮುಸಲ್ಮಾನ ಇಬ್ಬರದೂ, ಬೆಂಕಿ ಗುಂಡಿಯ ಸುತ್ತ ಹಲಗಿ ಇಲ್ಲದೆ ಅದು ಹಬ್ಬವೇ ಅಲ್ಲ. ಮೆರವಣಿಗೆಗೆ ಅಪ್ಪಣೆ ಕೊಡಲು ಸುಪ್ರೀಂ ಕೋರ್ಟೇ ಒಪ್ಪಲಿಲ್ಲ.

ದಸರೆಗೆ ದೇವರಗುಡ್ಡದ ಬನ್ನಿ. ಹೊಳಗುಂದಿ ಹತ್ತಿರದ ಮಾಳ ಮಲ್ಲೇಶ್ವರನ ಗುಡ್ಡದಲ್ಲಿ ರಾತ್ರಿ ದೀವಟಿಗೆ, ಬಡಿಗೆ ಕಾಳಗ ಎಲ್ಲರಿಗೂ ಗೊತ್ತು. ಆ ವರ್ಷ ನಿಷೇಧ ಹಾಕಿದ್ದರೂ ಜನ ಸೇರಿದರು, ಬಡಿಗೆ ಬೀಸಿದರು, ತಲೆ ಒಡೆದುಕೊಂಡರು. ಅದಾದ ಮೇಲೆ, ನವೆಂಬರ್ 20ರಿಂದ ಡಿಸೆಂಬರ್ 1ರವರೆಗೆ, 12 ವರ್ಷಕ್ಕೊಮ್ಮೆ ಬರುವ ತುಂಗಭದ್ರಾ ಪುಷ್ಕರ. ವಾದ್ಯದವರು ಅದನ್ನೇ ನೆಚ್ಚಿಕೊಂಡಿದ್ದರು. ಹೊಳೆಯಲ್ಲಿ ಮುಳುಗುವುದು ಬೇಡ, ನಲ್ಲಿ ಕೆಳಗೆ ಜಳಕ ಮಾಡಿ ಎಂದು ಸರ್ಕಾರ ಘಾಟಿನಲ್ಲಿ ಶವರ್ ಹಾಕಿಸಿತು. ಶವರ್ ಮುಂದೆ ಯಾರು ಸನಾಯಿ ಊದಿಸುತ್ತಾರೆ?

ಮೂರು ವಾದ್ಯ, ಮೂರು ಲೆಕ್ಕ

ಸರ್ಕಾರ ಏನೂ ಕೊಡಲಿಲ್ಲ ಅನ್ನುವವರಿದ್ದಾರೆ. ಅದು ಸುಳ್ಳು. ಎಲ್ಲರಿಗೂ ಕೊಟ್ಟಿತು ಅನ್ನುವುದೂ ಸುಳ್ಳು. ನನಗೆ ಗೊತ್ತಿರುವ ಮೂವರ ಲೆಕ್ಕ ಹೇಳುತ್ತೇನೆ. ಹೆಸರು ಬೇಡ, ಅವರಿಗೂ ಇಷ್ಟವಿಲ್ಲ.

ಕೌತಾಳಂ ಕಡೆಯ ಹಲಗಿ ತಾತನಿಗೆ 60 ದಾಟಿದೆ. ಆಂಧ್ರದಲ್ಲಿ 50 ದಾಟಿದ ಡಪ್ಪು ಕಲಾವಿದರಿಗೆ ಪಿಂಚಣಿ ಇದೆ. ಆಗ ತಿಂಗಳಿಗೆ 3 ಸಾವಿರ, 2024ರ ಜುಲೈಯಿಂದ 4 ಸಾವಿರ. ಲಾಕ್‌ಡೌನಿನಲ್ಲೂ ಒಂದನೇ ತಾರೀಕು ವಾಲಂಟೀರ್ ಹುಡುಗ ಮನೆ ಬಾಗಿಲಿಗೆ ತಂದು ಕೊಟ್ಟ. ಮುದುಕರಿಗೆ ಸಿಗುತ್ತಿದ್ದದ್ದು 2,250. ಹಲಗಿಗೆ ಅದಕ್ಕಿಂತ ಹೆಚ್ಚು ಬೆಲೆ ಕಟ್ಟಿದ್ದು ನಮ್ಮ ಜೀವಮಾನದಲ್ಲಿ ಮೊದಲ ಸಲ. ಇದನ್ನು ಮೆಚ್ಚಬೇಕು. ಅಲ್ಲದೆ ಆ ಏಪ್ರಿಲ್‌ನಲ್ಲಿ ತಾತನಿಗೆ ಇನ್ನೊಂದು ಕೆಲಸವೂ ಸಿಕ್ಕಿತು. 'ಯಾರೂ ಹೊರಗ ಬರಬ್ಯಾಡ್ರಿ' ಎಂದು ಓಣಿ ಓಣಿ ದಂಡೋರ ಹಾಕುವುದು. ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ. 'ಜನ ಸೇರಲಿ ಅಂತ ಬಾರಿಸೋ ಹಲಗಿ, ಸೇರಬ್ಯಾಡ್ರಿ ಅಂತ ಬಾರಿಸ್ದೆ' ಎಂದು ತಾತ ಈಗಲೂ ನಗುತ್ತಾನೆ.

ಎರಡನೆಯವನು ನಮ್ಮ ಸನಾಯಿಯವನು. ಕ್ಷೌರಿಕರ ಮನೆತನ. 2020ರ ಜೂನ್ 10ಕ್ಕೆ 'ಜಗನನ್ನ ಚೇದೋಡು' ಅಂತ ಕ್ಷೌರಿಕರು, ಅಗಸರು, ದರ್ಜಿಗಳಿಗೆ 10 ಸಾವಿರದಂತೆ ಸುಮಾರು 2.47 ಲಕ್ಷ ಜನಕ್ಕೆ ಹಾಕಿದರು. ಆದರೆ ಅಂಗಡಿ ಇದ್ದವರಿಗೆ. ಇವನ ತಮ್ಮನಿಗೆ ಕಟಿಂಗ್ ಶಾಪ್ ಇದೆ, ಬಂತು. ಇವನ ಕೈಯಲ್ಲಿ ಸನಾಯಿ ಇದೆ, ಬರಲಿಲ್ಲ. ಗುಡಿಯ ಅರ್ಚಕರಿಗೆ, ಮಸೀದಿಯ ಇಮಾಮರಿಗೆ, ಚರ್ಚಿನ ಪಾಸ್ಟರುಗಳಿಗೆ ಮೇ ತಿಂಗಳಲ್ಲಿ 5 ಸಾವಿರ ಬಂತು. ದೇವರನ್ನು ಎಬ್ಬಿಸುವ ಮಂಗಳವಾದ್ಯದವನು ಆ ಪಟ್ಟಿಯಲ್ಲೂ ಇರಲಿಲ್ಲ.

ಮೂರನೆಯದು ಹೊಳಗುಂದಿ ಕಡೆಯ ಡೊಳ್ಳಿನ ಮೇಳ, 14 ಜನ. ಡೊಳ್ಳು ಡಪ್ಪು ಅಲ್ಲ, ಆದ್ದರಿಂದ ಪಿಂಚಣಿ ಇಲ್ಲ. ರೇಷನ್ ಅಕ್ಕಿ, ಕಾರ್ಡಿಗೆ 1 ಸಾವಿರ, ಹೆಂಗಸರ ಜನಧನ್ ಖಾತೆಗೆ ಮೂರು ತಿಂಗಳು 500, ಎಲ್ಲರಿಗೆ ಬಂದದ್ದು ಇವರಿಗೂ ಬಂತು, ಅಷ್ಟೆ. ಇವರು ಉಪಾಧಿ ಕೆಲಸಕ್ಕೆ ಗುದ್ದಲಿ ಹಿಡಿದರು. ಕೂಲಿ ನಮ್ಮ ಕಡೆ 237, ಆಚೆ ಸಿರುಗುಪ್ಪದಲ್ಲಿ 275. ಮೇಳದ ಇಬ್ಬರು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದರು.

ಇಲ್ಲೇ ಗಡಿಯ ಮಾತು ಬರುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಸೀಳಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಹಾಕಿದರು. ಡೊಳ್ಳಿಗೆ ಆ ಗೆರೆ ಗೊತ್ತಿಲ್ಲ. ಈ ಮೇಳದವರು ಹಾಡುವುದು ಕನ್ನಡದ ಬೀರಪ್ಪನ ಪದ. ಹೋಗುವ ಊರುಗಳಲ್ಲಿ ಅರ್ಧ ಕರ್ನಾಟಕದವು. ಎರಡನೇ ಅಲೆಯಲ್ಲಿ, 2021ರ ಮೇ 19ಕ್ಕೆ, ಕರ್ನಾಟಕ ಸರ್ಕಾರ ಕಲಾವಿದರಿಗೆ ತಲಾ 3 ಸಾವಿರ ಘೋಷಿಸಿತು, ಸುಮಾರು 16 ಸಾವಿರ ಜನಕ್ಕೆ. ಸುದ್ದಿ ಓದಿ ಹೇಳಿದವನು ನಾನೇ. ಮೇಳದ ಹಿರಿಯ ಗಡಿಯಾಚೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದ. ಆಧಾರ್ ತೆಗೆದು ನೋಡಿದ ಹುಡುಗ, 'ಅಜ್ಜಾ, ನೀವು ಆಂಧ್ರದವ್ರು' ಅಂದ. ಇತ್ತ ನಮ್ಮ ಕಡೆ ಒಂದು ಕಚೇರಿಯಲ್ಲಿ ಕೇಳಿದರೆ, 'ಮೀದಿ ಕನ್ನಡ ಪಾಟ ಕದಾ' ಅಂದರು. ನಿಮ್ಮದು ಕನ್ನಡದ ಹಾಡಲ್ಲವೇ, ಅಲ್ಲಿ ಕೇಳಿಕೊಳ್ಳಿ ಎಂಬ ಅರ್ಥ.

ಆ ದಿನಗಳಲ್ಲಿ ಚೆಕ್‌ಪೋಸ್ಟು ದಾಟುತ್ತಿದ್ದ ಸರಕು ಒಂದೇ. ಆಂಧ್ರ ಸರ್ಕಾರ 2020ರ ಮೇ ತಿಂಗಳಲ್ಲಿ ಹೆಂಡದ ಬೆಲೆಯನ್ನು ಎರಡು ದಿನದಲ್ಲಿ ನೂರಕ್ಕೆ 75 ಏರಿಸಿದ ಮೇಲೆ ಕರ್ನಾಟಕದ ಟೆಟ್ರಾ ಪ್ಯಾಕೆಟ್ ಹೊಲದ ಬದುವಿನಲ್ಲಿ ರಾತ್ರೋರಾತ್ರಿ ಬರುತ್ತಿತ್ತು. ಡೊಳ್ಳನ್ನು ಬದುವಿನಲ್ಲಿ ಹೊತ್ತು ತರುವುದು ಕಷ್ಟ, ದೂರಕ್ಕೇ ಕಾಣುತ್ತದೆ.

ಹೊರಗೆ ಏನಾಯಿತೆಂದು ಕೇಳಿದರೆ, ಇಂಗ್ಲೆಂಡಿನ ಸರ್ಕಾರ 2020ರ ಜುಲೈನಲ್ಲಿ ರಂಗಮಂದಿರ, ಸಂಗೀತ ಸಭೆಗಳಿಗೆಂದು 157 ಕೋಟಿ ಪೌಂಡ್ ತೆಗೆದಿಟ್ಟಿತು. ನಮ್ಮಲ್ಲಿ ಗಾಯಕ ಟಿ.ಎಂ. ಕೃಷ್ಣ ಅವರ ಸುಮನಸಾ ಫೌಂಡೇಶನ್ ದಾನಿಗಳಿಂದ ಕೂಡಿಸಿ ಬಡ ಕಲಾವಿದರಿಗೆ ಹಂಚಿತು. ಒಳ್ಳೆಯ ಕೆಲಸ. ನಮ್ಮ ಹಳ್ಳಿಯ ಮೇಳದವರಿಗೆ ಅಂಥದ್ದೊಂದು ಇದೆ ಎಂಬುದೇ ತಿಳಿಯಲಿಲ್ಲ.

ಕಣದ ಜೋಳ

ಹಾಗಾದರೆ ಅವರನ್ನು ಉಳಿಸಿದ್ದು ಏನು? ಹಲಗಿ ತಾತನ ಊರಲ್ಲಿ ರೈತರು 2021ರ ಸುಗ್ಗಿಯಲ್ಲಿ ಆಯ ಕೊಟ್ಟರು. ಓದುಗರಲ್ಲಿ ಹಿರಿಯರಿಗೆ ಆಯ ಗೊತ್ತು: ಬಡಿಗ, ಕಮ್ಮಾರ, ಅಗಸ, ಹಲಗಿಯವನು ವರ್ಷವಿಡೀ ಮಾಡಿದ ಕೆಲಸಕ್ಕೆ ಕಣದಲ್ಲಿ ಅಳೆದು ಕೊಡುವ ಕಾಳು. ಹೊಲಕ್ಕೆ ಹತ್ತಿ ಬಂದ ಮೇಲೆ ಕಣವೇ ಮಾಯವಾಯಿತು. ಹತ್ತಿಯನ್ನು ಯಾರೂ ಆಯ ಕೊಡುವುದಿಲ್ಲ, ಅದು ನೇರ ನಮ್ಮಂಥ ದಲಾಲರ ಅಂಗಡಿಗೆ ಬರುತ್ತದೆ. ಜೋಳ ಹಾಕಿದ ಕೆಲವು ಮನೆಯವರು ಆ ವರ್ಷ ತಾತನನ್ನು ಕರೆದು ಚೀಲ ತುಂಬಿದರು. ಬಾರಿಸಿದ್ದಕ್ಕಲ್ಲ, ಬಾರಿಸುವ ಮನೆ ಎಂಬುದಕ್ಕೆ.

ನಾನು ಇದನ್ನು ಹೊಗಳಿದೆ. ತಾತನ ಮೊಮ್ಮಗ, ಬಿ.ಎ. ಓದಿದವನು, ಮುಖ ಗಂಟಿಕ್ಕಿದ. 'ಆಯ ತಗೊಂಡ್ರೆ ನಾಳೆ ಸತ್ತ ಎಮ್ಮಿ ಎತ್ತೋಕೂ ಕರೀತಾರ ಅಣ್ಣಾ. ನಮ್ಮ ತಾತ 20 ವರ್ಷದ ಹಿಂದ ಅದಕ್ಕೇ ಬಿಟ್ಟಿದ್ದು. ಪಿಂಚಣಿ ಬ್ಯಾರೆ, ಅದು ಬ್ಯಾಂಕಿನ ರೊಕ್ಕ ಇದ್ದಂಗ.' ತಾತ ಏನೂ ಅನ್ನಲಿಲ್ಲ. ಜೋಳವನ್ನು ಒಳಗೆ ತಗೊಂಡ. ಹುಡುಗ ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಇನ್ನೂ ಆಗಿಲ್ಲ.

ಆ ಹುಡುಗನೇ ಮತ್ತೊಂದು ದಾರಿ ಮಾಡಿದ. ತಾತನ ಹಲಗಿ ಪೆಟ್ಟುಗಳನ್ನು ಒಂದೊಂದಾಗಿ, ಮದುವೆಯದು ಬೇರೆ, ಪೀರಲದು ಬೇರೆ, ಸಾವಿನದು ಬೇರೆ, ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ. ದುಡ್ಡು ಬರಲಿಲ್ಲ. ಆದರೆ ಫೋನ್ ನಂಬರ್ ಕೆಳಗೆ ಬರೆದಿದ್ದ. ನಿರ್ಬಂಧ ಸಡಿಲವಾದ ಮೇಲೆ ಸಿಂಧನೂರು, ಮಾನ್ವಿಯಿಂದ ಕರೆ ಬಂದವು. ಡೊಳ್ಳಿನ ಮೇಳದವರು ಹಾಗೆ ಮಾಡಲಾಗಲಿಲ್ಲ. ಎರಡು ಮಳೆಗಾಲ ಬಾರಿಸದೆ ಇಟ್ಟ ಡೊಳ್ಳಿನಲ್ಲಿ ನಾಲ್ಕರ ಚರ್ಮ ಸಡಿಲಾಗಿ, ಎರಡನ್ನು ಇಲಿ ತಿಂದಿದ್ದವು. ಹೊಸ ಚರ್ಮ ಹಾಕಿಸಲು ಸಾಲ. ಈಗ ಮೇಳದಲ್ಲಿ 9 ಜನ.

ಸನಾಯಿಯವನು 2020ರ ಹತ್ತಿ ಸೀಜನ್ನಿನಲ್ಲಿ ನಮ್ಮ ಯಾರ್ಡಿಗೇ ಹಮಾಲಿಗೆ ಬಂದ. ಊದುವ ಎದೆ, ಹೊರುವ ಬೆನ್ನಲ್ಲ. ನನ್ನ ಅಂಗಡಿ ಮುಂದೆ ಬರುವಾಗ ಮುಖ ಆ ಕಡೆ ತಿರುಗಿಸುತ್ತಿದ್ದ, 2 ಸಾವಿರ ಬಾಕಿ ಇದೆಯೆಂದು. 'ಬಿಡಪ್ಪ ಅದನ್ನ' ಎಂದು ಹೇಳಬೇಕಿತ್ತು. ಇವತ್ತು, ನಾಳೆ ಎಂದು ಸೀಜನ್ ಕಳೆದೆ. 2021ರ ಮೇ ತಿಂಗಳಲ್ಲಿ, ಮಧ್ಯಾಹ್ನ 12ಕ್ಕೆ ಅಂಗಡಿ ಮುಚ್ಚುವ ಕರ್ಫ್ಯೂ ಇದ್ದಾಗ, ಅವನಿಗೆ ಕೊರೊನಾ ಬಂತೆಂದು ತಿಳಿಯಿತು. ಬದುಕಿದ. ಆದರೆ ಉಸಿರು ಹೋಗಿತ್ತು. ಆಸ್ಪತ್ರೆಯಲ್ಲಿ ಮೂರು ಗುಂಡಿನ ಪ್ಲಾಸ್ಟಿಕ್ ಯಂತ್ರ ಕೊಟ್ಟು ಎಳೆಯಲು ಹೇಳಿದ್ದರು.

'ಮೂರೂ ಗುಂಡು ಎದ್ರ ಸಾಕು ಅಂದ್ರು ಡಾಕ್ಟ್ರು. ಎದ್ವು. ಸನಾಯಿ ಹಿಡದ್ರ ಅರ್ಧ ಸಾಲಿಗೆ ಎದಿ ನಿಂತ್ಬಿಡ್ತು. ಯಂತ್ರಕ್ಕ ಒಳಗ ಎಳೀಬೇಕು, ನಮ್ಮದು ಹೊರಗ ಬಿಡೋದಲ್ರಿ' ಅಂದ ನನಗೆ.

ಆರು ತಿಂಗಳು ಅವನು ಬೆಳಗಿನ ಜಾವ ಹೊಲದ ಕಡೆ ಹೋಗಿ ಬರೀ ಪೀಪಿಯನ್ನೇ ಬಾಯಿಗಿಟ್ಟು ಊದಿದ. ಮನೆಯಲ್ಲಿ ಊದಿದರೆ ಹೆಂಡತಿ ಅಳುತ್ತಾಳೆಂದು. ಮೊದಲು ಒಂದು ಎಣಿಕೆ, ಆಮೇಲೆ ನಾಲ್ಕು, ಆಮೇಲೆ ಹತ್ತು. 2022ರ ಶ್ರಾವಣದಲ್ಲಿ ಉರುಕುಂದದಲ್ಲಿ ನಾನು ಅವನನ್ನು ನೋಡಿದೆ. ಒಂದು ಸಾಲು ಅವನು, ಒಂದು ಸಾಲು ಅವನ ಮಗ. ಮೊದಲಿನಂತೆ ಉದ್ದ ಎಳೆಯುವುದಿಲ್ಲ; ಉಸಿರು ಸಾಲದ ಕಡೆ ಮಗ ಎತ್ತಿಕೊಳ್ಳುತ್ತಾನೆ. ಕೇಳುವವರಿಗೆ ಗೊತ್ತಾಗಲಿಲ್ಲ. ಬಳಿಕ ಟೀ ಅಂಗಡಿಯ ಹತ್ತಿರ ಬಂದು, ಎರಡು 500ರ ನೋಟು ನನ್ನ ಕೈಗಿಡಲು ಬಂದ, ಉಳಿದ ಸಾವಿರ ದಸರೆಗೆ ಎಂದ. ನಾನು ತಗೊಳ್ಳಲಿಲ್ಲ. ಅವನು ಬಿಡಲಿಲ್ಲ. ಕೊನೆಗೆ ಆ ಸಾವಿರವನ್ನು ಈರಣ್ಣನ ಹುಂಡಿಗೆ ಇಬ್ಬರೂ ಕೂಡಿ ಹಾಕಿದೆವು. ವ್ಯಾಪಾರಿಯ ಬುದ್ಧಿ ನೋಡಿ, ದೇವರ ಹೆಸರಿನಲ್ಲಿ ನಾನು ಪಾರಾದೆ.

ಕೊರೊನಾ ಒಂದೇ ಇವರ ಹೊಟ್ಟೆಗೆ ಹೊಡೆಯಿತೆಂದು ಹೇಳಲಾರೆ. ಡಿಜೆ ಪೆಟ್ಟಿಗೆ ಅದಕ್ಕೆ ಮೊದಲೇ ಬಂದಿತ್ತು, ಈಗಲೂ ಇದೆ. ನಮ್ಮ ತಮ್ಮನ ಮಗಳ ಮದುವೆ 2020ರ ಕೊನೆಗೆ ಮನೆಯಂಗಳದಲ್ಲಿ ಆದಾಗ ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಕೇಳಿಸಿದ್ದು ಯಾರದೋ ಮೊಬೈಲಿನಿಂದ. ಅದರ ನಡುವೆ ಜಾಹೀರಾತು ಬಂತು.

ಎರಡನೇ ಮಗಳ ಮದುವೆ 2023ರಲ್ಲಿ. ಸನಾಯಿಯವನ ಮನೆಗೆ ನಾನೇ ಬಯಾನ ಹಿಡಿದು ಹೋದೆ. 5 ಸಾವಿರ ಎಣಿಸಿಕೊಂಡ, ಆಮೇಲೆ ಮಗನನ್ನು ಕರೆದು ನೋಟ್‌ಬುಕ್ಕಿನ ಹಾಳೆ ಹರಿಸಿದ.

'ಬ್ಯಾಸರ ಮಾಡ್ಕೋಬ್ಯಾಡ್ರಿ ಸಾವ್ಕಾರ್ರೆ. ಈಗ ಎಲ್ಲಾರ ಹತ್ರನೂ ಬರೆಸ್ತೀವಿ.'

ಮದುವೆ ಯಾವ ಕಾರಣಕ್ಕೆ ನಿಂತರೂ ಬಯಾನದಲ್ಲಿ ಅರ್ಧ ವಾದ್ಯದವರದು. 15 ದಿನದೊಳಗೆ ನಿಂತರೆ ಪೂರಾ ಅವರದು. ಮುಂದಕ್ಕೆ ಹೋದರೆ ಅದೇ ಬಯಾನಕ್ಕೆ ಅವರೇ ಬರಬೇಕು, ಬೇರೆ ಮೇಳ ಕರೆಯುವಂತಿಲ್ಲ. ಡಿಜೆ ಹಾಕಿದರೂ ತಾಳಿಯ ಹೊತ್ತಿಗೆ ನಿಲ್ಲಿಸಬೇಕು. ಇಷ್ಟು. ಹುಡುಗ ಪೆನ್ನು ಹಿಡಿದು ಕೇಳಿದ, ಕನ್ನಡದಾಗ ಬರೀಲಾ, ತೆಲುಗಿನಾಗ ಬರೀಲಾ ಎಂದು.

'ಎರಡ್ರಾಗೂ ಬರಿ' ಅಂದ ಅವನಪ್ಪ. ಹಾಳೆಯ ಈ ಕಡೆ ಒಂದು, ಆ ಕಡೆ ಒಂದು. ಎರಡಕ್ಕೂ ನಾನು ಸಹಿ ಹಾಕಿ ಬಂದೆ.