ಮೆರುಗೆಣ್ಣೆಯ ಕೆಳಗಿನ ಬಿಳಿಯ ಹುಳುಗಳು

ಕಡಲ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವುದು ನಮ್ಮ ಕರಾವಳಿಯ ಮಕ್ಕಳಿಗೂ ತಿಳಿದ ಸಂಗತಿ. ಕಿಟಕಿಯ ಸರಳು, ಬಾಗಿಲಿನ ಬಿಜಾಗರಿ, ಬಾವಿಯ ರಾಟೆ, ಯಾವುದನ್ನೂ ಅದು ಬಿಡುವುದಿಲ್ಲ. ಅಲ್ಯುಮಿನಿಯಮ್ ಮಾತ್ರ ತುಕ್ಕು ಹಿಡಿಯದ ಲೋಹವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ಪಡೆಯುತ್ತಾರೆ. ಆದುದರಿಂದ ನಮ್ಮ ಕಾಲೇಜಿನ ವಾಹನ ನಿಲ್ಲಿಸುವ ಚಪ್ಪರದಲ್ಲಿ ಒಂದು ದಿನ ಕಂಡ ನೋಟ ನಮ್ಮನ್ನು ತಡೆದು ನಿಲ್ಲಿಸಿತು.

ಒಂದೇ ಮಾದರಿಯ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಎರಡು ಮೋಟಾರು ಸೈಕಲ್ಲುಗಳು ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿದ್ದವು. ಒಂದು ಕಾರ್ಕಳದಿಂದ ಬರುವ ವಿದ್ಯಾರ್ಥಿಯದು. ಇನ್ನೊಂದು ಕಾಪುವಿನ ದೀಪಸ್ತಂಭದ ಸಮೀಪದಲ್ಲಿ ಮನೆಯುಳ್ಳವನದು. ಕಾರ್ಕಳದ ವಾಹನದ ಎಂಜಿನ್ ಮುಚ್ಚಳ ಕನ್ನಡಿಯಂತೆ ಹೊಳೆಯುತ್ತಿತ್ತು. ಕಾಪುವಿನದರ ಮೇಲೆ, ಪಾರದರ್ಶಕವಾದ ಮೆರುಗೆಣ್ಣೆಯ ಪದರದ ಕೆಳಗೆ, ಬಿಳಿಯ ದಾರದೆಳೆಗಳಂತಹ ಗೆರೆಗಳು ಅಂಕುಡೊಂಕಾಗಿ ಹರಿದಿದ್ದವು.

“ಸರ್, ಒಳಗೆ ಹುಳ ಹೊಕ್ಕಿದೆಯೆ?” ಎಂದು ಆ ಹುಡುಗ ನಗುತ್ತ ಕೇಳಿದ. ಭಾನುವಾರ ಮನೆಯಲ್ಲೇ ಕಾಸ್ಟಿಕ್ ಸೋಡದ ನೀರಿನಲ್ಲಿ ಮುಚ್ಚಳವನ್ನು ಮುಳುಗಿಸಿ, ಮೆರುಗೆಣ್ಣೆಯನ್ನು ಕಳಚಿ, ಹೊಸದರಂತೆ ಉಜ್ಜುವುದಾಗಿಯೂ ಹೇಳಿದ. ಮೊದಲನೆಯ ಮಾತಿಗೆ ನಾವೂ ನಕ್ಕೆವು. ಎರಡನೆಯದಕ್ಕೆ ನಗಲಾಗಲಿಲ್ಲ. ಅದೇ ಕೆಲಸವನ್ನು ಹಿಂದೊಮ್ಮೆ ಮಾಡಿ ಕೈಸುಟ್ಟುಕೊಂಡವರು ನಾವು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಹುಳುವಿನ ಕಥೆ.

ಅಲ್ಯುಮಿನಿಯಮ್ ನಿಜವಾಗಿ ಆಮ್ಲಜನಕದೊಡನೆ ಕೂಡಲು ಕಬ್ಬಿಣಕ್ಕಿಂತಲೂ ಆತುರವುಳ್ಳ ಲೋಹ. ಹೊಸದಾಗಿ ಕತ್ತರಿಸಿದ ಮೈ ಗಾಳಿಗೆ ತಾಗಿದೊಡನೆ ಅದರ ಮೇಲೆ ಆಕ್ಸೈಡಿನ ಪೊರೆ ಹುಟ್ಟುತ್ತದೆ. ಅದರ ದಪ್ಪ ಕೆಲವೇ ನ್ಯಾನೊಮೀಟರು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಕೆಲವು ಅಂಶಗಳು ಮಾತ್ರ. ಕಬ್ಬಿಣದ ತುಕ್ಕು ಹೊಟ್ಟಿನಂತೆ ಉದುರಿ ಹೊಸ ಲೋಹವನ್ನು ಗಾಳಿಗೆ ಒಡ್ಡುತ್ತದೆ. ಈ ಪೊರೆಯಾದರೋ ಲೋಹಕ್ಕೆ ಅಂಟಿಕೊಂಡು ಕಾವಲು ನಿಲ್ಲುತ್ತದೆ. ಆದರೆ ಉಪ್ಪಿನಲ್ಲಿರುವ ಕ್ಲೋರೈಡು ಈ ಕಾವಲನ್ನು ಅಲ್ಲಲ್ಲಿ ಮುರಿಯಬಲ್ಲದು. ಆದುದರಿಂದಲೇ ತಯಾರಕರು ಹೊಳಪು ಕೊಟ್ಟ ಮುಚ್ಚಳಗಳ ಮೇಲೆ ಮೆರುಗೆಣ್ಣೆ ಬಳಿಯುವುದು.

ಅಲ್ಲಿಂದಲೇ ತೊಂದರೆಯೂ ಆರಂಭವಾಗುತ್ತದೆ. ಹೆದ್ದಾರಿಯ ಒಂದು ಸಣ್ಣ ಜಲ್ಲಿಕಲ್ಲು ಸಿಡಿದು ಮೆರುಗೆಣ್ಣೆಯಲ್ಲಿ ಸಾಸಿವೆಯಷ್ಟು ಗಾಯ ಮಾಡಿತೆನ್ನಿ. ಅಲ್ಲಿ ಕಡಲ ಉಪ್ಪಿನ ಕಣವೊಂದು ಕೂತಿತು. ಸಾಪೇಕ್ಷ ಆರ್ದ್ರತೆ 75 ಶೇಕಡವನ್ನು ಮೀರಿದರೆ ಅಡಿಗೆಯ ಉಪ್ಪು ಗಾಳಿಯ ತೇವವನ್ನೇ ಹೀರಿ ನೀರಾಗುತ್ತದೆ. ಮಳೆಗಾಲದಲ್ಲಿ ನಮ್ಮ ಉಪ್ಪಿನ ಭರಣಿಗಳು ಒಸರುವುದು ಇದರಿಂದಲೇ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಅಷ್ಟು ತೇವವೂ ಬೇಡ. 33 ಶೇಕಡವೇ ಸಾಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಉಡುಪಿಯ ಸೀಮೆಯಲ್ಲಿ ತೇವಕ್ಕೇನು ಬರಗಾಲ?

ಹೀಗೆ ಹುಟ್ಟಿದ ಉಪ್ಪುನೀರಿನ ಹನಿ ಮೆರುಗೆಣ್ಣೆಯ ಅಂಚಿನ ಕೆಳಗೆ ನುಸುಳುತ್ತದೆ. ಹನಿಯ ಹಿಂಭಾಗಕ್ಕೆ ಗಾಯದ ಕಡೆಯಿಂದ ಆಮ್ಲಜನಕ ದೊರೆಯುತ್ತದೆ, ಮುಂಭಾಗಕ್ಕೆ ದೊರೆಯುವುದಿಲ್ಲ. ಈ ವ್ಯತ್ಯಾಸವೇ ಒಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ಮುಂಭಾಗದಲ್ಲಿ ಅಲ್ಯುಮಿನಿಯಮ್ ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ, ಅಲ್ಲಿಯ ನೀರು ಆಮ್ಲವಾಗುತ್ತದೆ. ಹಿಂಭಾಗದಲ್ಲಿ ಆಮ್ಲಜನಕ ಆ ಇಲೆಕ್ಟ್ರಾನುಗಳನ್ನು ಪಡೆಯುತ್ತದೆ. ಕರಗಿದ ಲೋಹ ಹಿಂದೆ ಬಿಳಿಯ ಹಿಟ್ಟಾಗಿ ಕೂರುತ್ತದೆ. ಹನಿಯೇ ಹುಳುವಿನ ತಲೆ, ಹಿಟ್ಟೇ ಅದರ ಬಾಲ. ಬಾಲದ ರಂಧ್ರಗಳ ಮೂಲಕವೇ ತಲೆಗೆ ಉಸಿರು! ವಿನೋದವೇನೆಂದರೆ, ಒಂದು ಹುಳು ಇನ್ನೊಂದರ ದಾರಿಯನ್ನು ದಾಟುವುದಿಲ್ಲ. ಎದುರಾದಾಗ ಹೊರಳುತ್ತದೆ, ಇಲ್ಲವೆ ಅಲ್ಲಿಯೇ ನಿಲ್ಲುತ್ತದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶ ಒಂದುಂಟು. ಈ ವ್ಯಾಪಾರದಲ್ಲಿ ಉಪ್ಪು ಖರ್ಚಾಗುವುದಿಲ್ಲ. ತಲೆ ಅದನ್ನು ತನ್ನೊಡನೆಯೇ ಹೊತ್ತು ಮುಂದೆ ಸಾಗುತ್ತದೆ. ಕಾಯಲೆಂದು ಬಳಿದ ಮೆರುಗೆಣ್ಣೆ ಈಗ ಮಳೆನೀರು ಉಪ್ಪನ್ನು ತೊಳೆಯದಂತೆ ತಡೆಯುವ ಮಾಡಾಗಿದೆ. ಆದುದರಿಂದ ಇಂತಹ ಮುಚ್ಚಳದ ಮೆರುಗೆಣ್ಣೆಯನ್ನು ತೆಗೆಯುವುದು ಬರಿಯ ಅಂದಕ್ಕಾಗಿ ಅಲ್ಲ, ಅಡಗಿದ ಉಪ್ಪನ್ನು ಹೊರಹಾಕುವುದಕ್ಕಾಗಿ. ಕಾರ್ಕಳದ ವಾಹನ ಹೇಗೆ ಪಾರಾಯಿತೆಂಬುದೂ ಸ್ಪಷ್ಟ: ಅಲೆಗಳಿಂದ ಏಳುವ ಉಪ್ಪಿನ ತುಂತುರಿನ ಬಹುಪಾಲು ದಡದ ಸಮೀಪದಲ್ಲಿಯೇ ಇಳಿದುಬಿಡುತ್ತದೆ. ಘಟ್ಟದ ಬುಡದ ಕಾರ್ಕಳದಲ್ಲಿ ಮಳೆ ಹೆಚ್ಚು, ಉಪ್ಪು ಕಡಿಮೆ.

ಇನ್ನು ಕೆಲಸಕ್ಕೆ ಬರೋಣ. ಮೇಲಿರುವ ಪದರ ಯಾವುದೆಂದು ಅರಿಯದೆ ಕೈಹಾಕಬಾರದು. ಎರಡು ಟಾರ್ಚಿನ ಸೆಲ್ಲು, ಒಂದು ಪುಟ್ಟ ಬಲ್ಬು, ಎರಡು ತುಂಡು ತಂತಿ ಇದ್ದರೆ ಪರೀಕ್ಷೆ ನಡೆಯುತ್ತದೆ. ತಂತಿಯ ಮೊಂಡು ತುದಿಗಳನ್ನು ಭಾಗದ ಮೇಲೆ ಮೆಲ್ಲಗೆ ಒತ್ತಬೇಕು. ಬಲ್ಬು ಉರಿದರೆ ಬರಿಯ ಲೋಹ. ಸಹಜವಾದ ಪೊರೆ ಒತ್ತಡಕ್ಕೆ ಒಡೆದುಹೋಗುತ್ತದೆ. ಉರಿಯದಿದ್ದರೆ ಮೆರುಗೆಣ್ಣೆ, ಇಲ್ಲವೆ ಆನೊಡೈಜಿಂಗ್ ಎಂಬ ಪದರ. ಆಮ್ಲದಲ್ಲಿ ವಿದ್ಯುತ್ತನ್ನು ಹಾಯಿಸಿ ಆಕ್ಸೈಡನ್ನೇ ದಪ್ಪವಾಗಿ ಬೆಳೆಸುವ ಈ ವಿಧಾನವನ್ನು 1923ರಲ್ಲಿ ಇಂಗ್ಲೆಂಡಿನಲ್ಲಿ ಕಡಲ ವಿಮಾನಗಳ ಭಾಗಗಳನ್ನು ಉಪ್ಪಿನಿಂದ ಕಾಪಾಡಲು ಬಳಕೆಗೆ ತಂದರು. ಅದು ಲೋಹದಿಂದಲೇ ಬೆಳೆದ ಗಟ್ಟಿ ಪದರ. ಮೆರುಗೆಣ್ಣೆಯಂತೆ ಅಂಚಿನಲ್ಲಿ ಸುಲಿದು ಏಳುವುದಿಲ್ಲ. ಅಂತಹ ಭಾಗವನ್ನು ಮನೆಯಲ್ಲಿ ಮುಟ್ಟದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ಇದ್ದ ಒಳ್ಳೆಯ ಕವಚವನ್ನು ಕಿತ್ತು ಕೆಟ್ಟದ್ದನ್ನು ತೊಡಿಸಿದಂತಾಗುತ್ತದೆ.

ಈಗ ಕಾಸ್ಟಿಕ್ ಸೋಡದ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಭಾವನವರ ಹಳೆಯ ಯೆಜ್ಡಿಯ ಎಂಜಿನ್ ಮುಚ್ಚಳವನ್ನು ಬೆಳಗಿಸಿಕೊಡುವೆವೆಂದು ಒಪ್ಪಿಕೊಂಡಿದ್ದೆವು. ಮಣಿಪಾಲದ ಮನೆಯ ಬಚ್ಚಲಲ್ಲಿ ಒಂದು ಬಾಲ್ದಿ ನೀರಿಗೆ ಕಾಸ್ಟಿಕ್ ಸೋಡ ಕರಗಿಸಿ ಮುಚ್ಚಳವನ್ನು ಅದರೊಳಗಿಟ್ಟು ಕಾಫಿಗೆ ಹೋದೆವು. ಮರಳಿ ಬಂದಾಗ ನೀರು ಕುದಿಯುವಂತೆ ನೊರೆಯೇಳುತ್ತಿತ್ತು. ಕೋಣೆಯ ತುಂಬ ಗಂಟಲು ಕೆರೆಯುವ ತುಂತುರು. ಹೊರತೆಗೆದ ಮುಚ್ಚಳ ಕಪ್ಪಾಗಿತ್ತು, ಮೈಯೆಲ್ಲ ತರಿತರಿ; ಸ್ಕ್ರೂ ಕೂರುವ ಅಂಚುಗಳು ತೆಳುವಾಗಿಹೋಗಿದ್ದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತ್ತು; ಮೂಲದ ಇನ್ನೊಂದು ಮುಚ್ಚಳವನ್ನು ಎಲ್ಲಿಂದ ತರುವುದು? ಭಾವ ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋಯಿಸಿತು.

ಭೌತಶಾಸ್ತ್ರದ ಅಧ್ಯಾಪಕನಿಗೆ ಇಷ್ಟು ರಸಾಯನಶಾಸ್ತ್ರ ನೆನಪಿರಬೇಕಾಗಿತ್ತು. ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ಅಲ್ಯುಮಿನವನ್ನು ಬೇರ್ಪಡಿಸುವುದು ಈ ಕಾಸ್ಟಿಕ್ ಸೋಡದಿಂದಲೇ. ಬಾಕ್ಸೈಟು ನಮ್ಮ ಮಣಿಪಾಲದ ಗುಡ್ಡದ ಮುರಕಲ್ಲಿನ ದಾಯಾದಿ. ಎರಡರಲ್ಲಿಯೂ ಕಬ್ಬಿಣದ, ಅಲ್ಯುಮಿನಿಯಮಿನ ಆಕ್ಸೈಡುಗಳುಂಟು. ಕ್ಷಾರ ಅಲ್ಯುಮಿನಿಯಮಿನ ಆಕ್ಸೈಡನ್ನು ಕರಗಿಸಿ ಕಬ್ಬಿಣದ್ದನ್ನು ಬಿಟ್ಟುಬಿಡುತ್ತದೆ. ಅಂದ ಮೇಲೆ ಲೋಹದ ಮೇಲಿನ ಕಾವಲಿನ ಪೊರೆಯನ್ನು ಅದು ಉಳಿಸೀತೆ? ಪೊರೆ ಕರಗಿದೊಡನೆ ಲೋಹವೂ ಕರಗತೊಡಗಿ ಜಲಜನಕವನ್ನೂ ಶಾಖವನ್ನೂ ಹೊರಬಿಡುತ್ತದೆ. 54 ಗ್ರಾಂ ಅಲ್ಯುಮಿನಿಯಮ್ ಕರಗಿದರೆ 6 ಗ್ರಾಂ ಜಲಜನಕ. ನಮ್ಮೂರಿನ ಉಷ್ಣತೆಯಲ್ಲಿ ಅದು 70 ಲೀಟರಿಗೂ ಮಿಕ್ಕಿ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೆ ಒಂದು ಕಿಡಿ ಸಾಕು. ಬಚ್ಚಲ ಒಲೆ ಅಂದು ಆರಿತ್ತು ಎಂಬುದೊಂದೇ ನಮ್ಮ ಪುಣ್ಯ. ಇನ್ನು ಆ ದ್ರವದ ಒಂದು ತೊಟ್ಟು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಪಾತ್ರೆ ತಿಕ್ಕುವ ಬೂದಿಯೂ ವಾಷಿಂಗ್ ಸೋಡವೂ ಕ್ಷಾರಗಳೇ. ಅಲ್ಯುಮಿನಿಯಮ್ ಪಾತ್ರೆ ಅವುಗಳಿಂದ ಕಪ್ಪಾಗುವುದನ್ನು ತಾಯಂದಿರು ಬಲ್ಲರು. ಹಿತ್ತಾಳೆಯ ದೀಪಕ್ಕೆ ಹಚ್ಚುವ ಹುಣಸೆಹುಳಿ ಮತ್ತು ಉಪ್ಪು ಇಲ್ಲಿ ಸಲ್ಲದು. ಉಪ್ಪನ್ನು ತೆಗೆಯಹೊರಟವರು ಉಪ್ಪನ್ನೇ ತಿಕ್ಕುವುದೆ?

ಹಾಗಾದರೆ ಮಾರ್ಗವೇನು? ಬಣ್ಣ ಕಳಚುವ ದ್ರಾವಣಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಡಬ್ಬಿಯ ಮೇಲಿನ ಬರಹವನ್ನು ಓದಿ, ಅಲ್ಯುಮಿನಿಯಮಿಗೆ ತಕ್ಕುದೆಂದು ಹೇಳಿರುವುದನ್ನೇ ಆರಿಸಬೇಕು. ಮೆಥಿಲೀನ್ ಕ್ಲೋರೈಡು ಉಳ್ಳದ್ದು ಬೇಡ. ಅದರ ಆವಿ ದೇಹದಲ್ಲಿ ಕಾರ್ಬನ್ ಮೊನಾಕ್ಸೈಡಾಗಿ ಮಾರ್ಪಡುತ್ತದೆ. ಮನೆಬಳಕೆಗೆ ಬಣ್ಣ ಕಳಚಲು ಅದನ್ನು ಮಾರುವುದನ್ನು ಅಮೆರಿಕದಲ್ಲಿ 2019ರಲ್ಲಿ ನಿಷೇಧಿಸಿದರು. ಮುಚ್ಚಳವನ್ನು ಬಿಚ್ಚಿ, ಅಂಗಳದಲ್ಲಿ, ಕೈಗವಸು ಕನ್ನಡಕ ಧರಿಸಿ ಕೆಲಸ ಮಾಡಬೇಕು. ಮೆತ್ತಗಾದ ಮೆರುಗೆಣ್ಣೆಯನ್ನು ಮರದ ಚಕ್ಕೆಯಿಂದ ಕೆರೆಯಬಹುದು. ಉಕ್ಕಿನ ಕುಂಚ ಬೇಡ. ಅದರ ಕಣಗಳು ಮೃದುವಾದ ಲೋಹದಲ್ಲಿ ನಾಟಿಕೊಂಡು ಹೊಸ ವಿದ್ಯುತ್ಕೋಶಗಳಾಗುತ್ತವೆ.

ಉಜ್ಜುವುದೆಂದರೆ ಗೀರುಗಳನ್ನು ಅಳಿಸುವುದೆಂದು ಎಲ್ಲರ ಎಣಿಕೆ. ನಿಜವಾಗಿ ನಾವು ಮಾಡುವುದು ದೊಡ್ಡ ಗೀರನ್ನು ಸಣ್ಣ ಗೀರಾಗಿ ಬದಲಿಸುವುದು. 400ರ ವಾಟರ್ ಪೇಪರಿನ ಕಣ ಸುಮಾರು 35 ಮೈಕ್ರೊಮೀಟರು, 1000ದ್ದು 18, 2000ದ್ದು 10. ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದವಾದರೋ 0.4ರಿಂದ 0.7 ಮೈಕ್ರೊಮೀಟರು. ಗೀರುಗಳ ಆಳ ತರಂಗಕ್ಕಿಂತ ಬಹಳ ಕಿರಿದಾದಾಗ ಮಾತ್ರ ಬೆಳಕು ಚದರದೆ ಕನ್ನಡಿಯಿಂದ ಮರಳಿದಂತೆ ಮರಳುತ್ತದೆ. ಕೊನೆಯಲ್ಲಿ ಪಾಲಿಶಿನ ಲೇಪವನ್ನು ಬಟ್ಟೆಯಿಂದ ಉಜ್ಜುವುದು ಅದಕ್ಕಾಗಿ. ಒಂದೊಂದು ಕಾಗದಕ್ಕೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿದರೆ ಹಿಂದಿನ ಕಾಗದದ ಗೀರುಗಳು ಉಳಿದಿವೆಯೆ ಎಂದು ಕೂಡಲೇ ತಿಳಿಯುತ್ತದೆ. ಕಾಗದವನ್ನು ಸದಾ ನೀರಿನಲ್ಲಿ ನೆನೆಸಿಯೇ ಉಜ್ಜಬೇಕು. ಒಣ ಅಲ್ಯುಮಿನಿಯಮ್ ಧೂಳು ಉರಿಯಬಲ್ಲ ವಸ್ತು, ಶ್ವಾಸಕೋಶಕ್ಕೂ ಕೆಟ್ಟದು. ಬಟ್ಟೆ ಕಪ್ಪಾಗುವುದನ್ನು ಕಂಡು ಕೊಳೆಯೆಂದು ತಿಳಿಯಬೇಡಿ. ಅದು ಲೋಹವೇ, ಅಷ್ಟು ಸಣ್ಣ ಕಣಗಳ ನಡುವೆ ಬೆಳಕು ಸಿಕ್ಕಿಕೊಂಡು ಹೊರಬಾರದು.

ಹುಳುವಿನ ದಾರಿ ಇದ್ದಲ್ಲಿ ಕುಳಿಯ ತಳದವರೆಗೆ ಉಜ್ಜಲೇಬೇಕು. ಬಿಳಿಯ ಹಿಟ್ಟು ಉಳಿದರೆ ಉಪ್ಪೂ ಉಳಿದಂತೆ. ಅದರ ಮೇಲೆ ಮತ್ತೆ ಮೆರುಗೆಣ್ಣೆ ಬಳಿದರೆ ಹುಳು ಅಲ್ಲಿಂದಲೇ ಹೊರಡುತ್ತದೆ. ಕಡಲಿಗೆ ತೀರ ಹತ್ತಿರದ ಬಾವಿಗಳ ನೀರಿನಲ್ಲಿ ಉಪ್ಪಿರುವುದುಂಟು. ಆದುದರಿಂದ ಕೊನೆಯ ತೊಳೆತಕ್ಕೆ ಜಡಿಮಳೆಯಲ್ಲಿ ಸೂರಿನ ಆಚೆ ಹಿಡಿದಿಟ್ಟ ನೀರು ಮೇಲು.

ಕಾಪುವಿನ ಹುಡುಗ ಎರಡು ಭಾನುವಾರ ಹೀಗೆಯೇ ದುಡಿದ. ಮುಚ್ಚಳ ಹೊಳೆಯಿತು. ಮತ್ತೆ ಮೆರುಗೆಣ್ಣೆ ಬಳಿಯಲೆ ಎಂದು ಕೇಳಿದಾಗ ಬೇಡವೆಂದೆವು. ಮೇಣ ಹಚ್ಚಲು ಹೇಳಿದೆವು. ಮೇಣ ಬೇಗ ಸವೆಯುತ್ತದೆ, ಆದರೆ ಸವೆದದ್ದು ಕಣ್ಣಿಗೆ ಕಾಣುತ್ತದೆ, ಉಪ್ಪಿಗೆ ಮಾಡಾಗಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಅವನು ಎರಡು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆದು ಒರಸಿ ಮೇಣ ಹಚ್ಚಬೇಕಾಗಿದೆ. ಕಾರ್ಕಳದ ಗೆಳೆಯ ಇದುವರೆಗೆ ಬಟ್ಟೆಯನ್ನೂ ಮುಟ್ಟಿಸಿಲ್ಲ. ಮೊನ್ನೆ ಅವನು ಮುಂಗಾಲಿಯ ಬಣ್ಣವನ್ನೂ ಕಳಚಿ ಉಜ್ಜಲೆ ಎಂದು ಕೇಳುತ್ತ ಬಂದ. ಭಾರ ಹೊರುವ ಚಕ್ರ, ಬ್ರೇಕಿನ ಭಾಗಗಳನ್ನು ಉಜ್ಜಿ ತೆಳುಮಾಡುವುದಕ್ಕೆ ನಾವು ಒಪ್ಪಲಿಲ್ಲ.