ಮೊಡವೆಯಲ್ಲ, ಕಜ್ಜಿಯೂ ಅಲ್ಲ

ಮುಖ, ಕತ್ತು, ಎದೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳು. ಜೊತೆಗೆ ನಿದ್ದೆಗೆಡಿಸುವ ತುರಿಕೆ. ನೋಡಿದವರು ಇದನ್ನು ಮೊಡವೆ ಎನ್ನಬಹುದು, ಕಜ್ಜಿ ಎನ್ನಬಹುದು. ಆದರೆ ಎಚ್‌ಐವಿ ಸೋಂಕಿತರಲ್ಲಿ ಇದು ಬೇರೆಯೇ ಆದ ಒಂದು ಅಪರೂಪದ ರೋಗವಾಗಿರಬಹುದು. ಅದರ ಹೆಸರು ಇಯೋಸಿನೋಫಿಲಿಕ್ ಫಾಲಿಕ್ಯುಲೈಟಿಸ್.

ಹೆಸರು ಉದ್ದ, ಅರ್ಥ ಸರಳ. ಫಾಲಿಕಲ್ ಎಂದರೆ ಕೂದಲು ಹುಟ್ಟುವ ರೋಮಕೂಪ. ಇಯೋಸಿನೋಫಿಲ್ ಒಂದು ಬಗೆಯ ಬಿಳಿ ರಕ್ತಕಣ. ಅಲರ್ಜಿಯಾದಾಗ, ಹೊಟ್ಟೆಯಲ್ಲಿ ಜಂತುಹುಳುವಿದ್ದಾಗ ಇದರ ಸಂಖ್ಯೆ ಏರುವುದುಂಟು. ಈ ಕಣಗಳು ರೋಮಕೂಪಗಳ ಸುತ್ತ ಗುಂಪುಗೂಡಿ ಉರಿಯೂತವಾಗುವುದೇ ಈ ರೋಗ. ಜಪಾನಿನ ವೈದ್ಯ ಒಫುಜಿ ಮತ್ತು ಸಂಗಡಿಗರು ಇಂಥದೊಂದು ರೋಗವನ್ನು 1970ರಲ್ಲಿ ವಿವರಿಸಿದರು. ಎಚ್‌ಐವಿ ಸೋಂಕಿತರಲ್ಲಿ ಇದು ಕಂಡುಬಂದ ವರದಿ 1986ರಲ್ಲಿ ಬಂತು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದೂ ಅದೇ ವರ್ಷ.

ಎಚ್‌ಐವಿ ನಮ್ಮ ರೋಗನಿರೋಧಕ ವ್ಯವಸ್ಥೆಯ ಸಿಡಿ4 ಕಣಗಳನ್ನು ನಾಶಮಾಡುತ್ತದೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 500ಕ್ಕೂ ಹೆಚ್ಚು. ಸಂಖ್ಯೆ ಸುಮಾರು 250ಕ್ಕಿಂತ ಕೆಳಗಿಳಿದವರಲ್ಲಿ ಈ ರೋಗ ಹೆಚ್ಚಾಗಿ ಕಾಣುತ್ತದೆ. ಚರ್ಮದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ರೋಗ ಖಚಿತವಾಗುತ್ತದೆ.

ಇಲ್ಲೊಂದು ಸೋಜಿಗವಿದೆ. ಎಚ್‌ಐವಿಗೆ ಎಆರ್‌ಟಿ ಮಾತ್ರೆ ಶುರುಮಾಡಿದ ಮೊದಲ ಕೆಲವು ತಿಂಗಳಲ್ಲಿ ಗುಳ್ಳೆಗಳು ಹೊಸದಾಗಿ ಏಳಬಹುದು, ಇದ್ದದ್ದು ಉಲ್ಬಣಿಸಬಹುದು. ಏಕೆ? ಬಹುದಿನ ಸೊರಗಿದ್ದ ಕಾವಲುಗಾರ ಚೇತರಿಸಿಕೊಂಡು, ಎದ್ದವನೇ ಕಂಡಕಂಡವರ ಮೇಲೆ ಕೋಲೆತ್ತಿದಂತೆ, ಮರಳಿ ಬಲಗೊಳ್ಳುತ್ತಿರುವ ನಿರೋಧಕ ವ್ಯವಸ್ಥೆ ಕೆಲಕಾಲ ಅತಿಯಾಗಿ ವರ್ತಿಸುತ್ತದೆ. 'ಮಾತ್ರೆ ಒಗ್ಗಲಿಲ್ಲ' ಎಂದು ರೋಗಿ ತಾನಾಗಿಯೇ ಅದನ್ನು ಬಿಟ್ಟರೆ ಅಪಾಯ ಅಲ್ಲೇ ಇದೆ: ವೈರಸ್ ಮತ್ತೆ ತಲೆಯೆತ್ತುತ್ತದೆ. ವೈದ್ಯರಿಗೆ ತೋರಿಸಿ, ತುರಿಕೆಗೆ ಔಷಧಿ, ಮುಲಾಮು ಪಡೆದು, ಅವರು ಹೇಳಿದಂತೆ ಎಆರ್‌ಟಿ ಮುಂದುವರಿಸಬೇಕು. ಸಿಡಿ4 ಏರಿದಂತೆ ಗುಳ್ಳೆಗಳು ಸಾಮಾನ್ಯವಾಗಿ ಇಳಿಯುತ್ತವೆ.

ಬಾಗಳಿಯಂಥ ಊರಲ್ಲಿ ಮುಖದ ಗುಳ್ಳೆ ಮುಚ್ಚಿಡಲಾಗದ್ದು. ನೆರೆಯವರ ಮಾತು ತುರಿಕೆಗಿಂತ ಹೆಚ್ಚು ನೋಯಿಸಬಹುದು. ಆದ್ದರಿಂದ ಎರಡು ಸಂಗತಿ ನೆನಪಿರಲಿ. ಗುಳ್ಳೆ ಎದ್ದ ಮಾತ್ರಕ್ಕೆ ಎಚ್‌ಐವಿ ಇದೆ ಎಂದಲ್ಲ. ಮತ್ತು ಕಜ್ಜಿಯಂತೆ ಈ ರೋಗ ಮುಟ್ಟಿದರೆ ಅಂಟುವುದಿಲ್ಲ. ಪಕ್ಕದಲ್ಲಿ ಕೂತು ಪಾಠ ಕೇಳಲು, ಒಟ್ಟಿಗೆ ಉಣ್ಣಲು ಅಡ್ಡಿಯಿಲ್ಲ.

2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದಾಗ ಮೊದಲು ಸೇರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಶಾಲೆ, ಉದ್ಯೋಗ, ಚಿಕಿತ್ಸೆಯಲ್ಲಿ ಸೋಂಕಿತರಿಗೆ ತಾರತಮ್ಯ ಮಾಡುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಸಂದೇಹವಿದ್ದರೆ 1097 ಸಹಾಯವಾಣಿಗೆ ಕರೆ ಮಾಡಿ, ಕರೆ ಉಚಿತ.