ತೇಗದ ವ್ಯಾಪಾರ: ಲೆಕ್ಕಕ್ಕೆ ಬಾರದ ಮೂಲಧನ

ಹಾಯಿಹಡಗುಗಳ ಕಾಲದಲ್ಲಿ ಮುಂಬಯಿಯ ಹಡಗು ನಿರ್ಮಾಣವು ಮಲಬಾರ್ ಹಾಗೂ ಕೆನರಾ ಕರಾವಳಿಯ ತೇಗವನ್ನು ಅವಲಂಬಿಸಿತ್ತು. ಈ ವ್ಯಾಪಾರದಲ್ಲಿ ಬಂಡವಾಳದ ಆವರ್ತನ ಅತ್ಯಂತ ನಿಧಾನವಾದುದು. ಹಸಿ ತೇಗವು ನೀರಿನಲ್ಲಿ ತೇಲದು. ಆದುದರಿಂದ ಮರವನ್ನು ಒಣಗಿಸಿ, ಮಳೆಗಾಲದ ಪ್ರವಾಹದಲ್ಲಿ ನದಿಗಿಳಿಸಿ, ಕಡಲು ಶಾಂತವಾದ ಮೇಲಷ್ಟೇ ಹಡಗಿಗೇರಿಸಬೇಕಾಗಿತ್ತು. ಅಲ್ಲಿಯವರೆಗೂ ಹೂಡಿದ ಹಣವು ದಾಸ್ತಾನಿನಲ್ಲಿಯೇ ಸಿಲುಕಿರುತ್ತಿತ್ತು.

ಬ್ರಿಟನ್ನಿನಲ್ಲಿ ಓಕ್ ಮರದ ಅಭಾವ ತಲೆದೋರಿದಾಗ, ಈಸ್ಟ್ ಇಂಡಿಯಾ ಕಂಪನಿಯು 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಅವರನ್ನು ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿ, ತೇಗದ ಮೇಲೆ ಏಕಸ್ವಾಮ್ಯ ಸ್ಥಾಪಿಸಿತು. ವಾಡಿಯಾ ಮನೆತನದವರು 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ನಿರ್ಮಿಸಿದ 'ಟ್ರಿಂಕೋಮಲಿ' ಯುದ್ಧನೌಕೆಯನ್ನು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ಕಾಣಬಹುದು. ಆದರೆ ಏಕಸ್ವಾಮ್ಯದಿಂದ ವರ್ತಕರೂ ಮರದ ಒಡೆಯರೂ ಅಸಮಾಧಾನಗೊಂಡರು. ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆಗಿದ್ದಾಗ, 1823ರಲ್ಲಿ, ಆ ಹುದ್ದೆಯೇ ರದ್ದಾಯಿತು. ಮುಕ್ತ ವ್ಯಾಪಾರದಲ್ಲಿಯೂ ಕಡಿತವೇನೂ ನಿಲ್ಲಲಿಲ್ಲ.

ಎರಡು ವ್ಯವಸ್ಥೆಗಳೂ ಕಡಿಯುವ ಮತ್ತು ಸಾಗಿಸುವ ವೆಚ್ಚವನ್ನು ಲೆಕ್ಕ ಹಿಡಿದವೇ ಹೊರತು, ಮರ ಮತ್ತೆ ಬೆಳೆಯಲು ತಗಲುವ ದಶಕಗಳನ್ನಲ್ಲ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿ ಅವರು ನಿಲಂಬೂರಿನಲ್ಲಿ ತೇಗದ ನೆಡುತೋಪು ಆರಂಭಿಸಿದಾಗ ಆ ವೆಚ್ಚವೂ ಲೆಕ್ಕದ ಪುಸ್ತಕವನ್ನು ಸೇರಿತು. ಮೂಲಧನವನ್ನೇ ಲಾಭವೆಂದು ಹಂಚಿಕೊಳ್ಳುವ ಉದ್ಯಮ ಬಹುಕಾಲ ಬಾಳದು.